ಮೂರನೇ ಮಹಡಿಯನ್ನು ಬೈಯುವವರು

ಇಪ್ಪತ್ತೆರಡು ವರ್ಷ ಒಂದು ಕ್ಯಾಸೆಟ್ಟನ್ನು ಬಾಯಿಗೆ ಬಂದಂತೆ ಬೈದವಳು ನಾನು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಹನ್ನೆರಡಕ್ಕೆ ನಿಲ್ಲಿಸುತ್ತಿದ್ದೆ, ಮಧ್ಯೆ ಒಂದು ಲೋಟ ಚಹಾ. ಹೊರಗಿನವರು ಕೇಳಿದರೆ ಈ ಹೆಂಗಸಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು. ಕೆಟ್ಟಿದೆಯೋ ಇಲ್ಲವೋ ನನಗೂ ಈಗ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ, ಕೇಳಿದವರಾದರೂ ತೀರ್ಮಾನ ಮಾಡಲಿ. ನನ್ನ ಹೆಸರು ವಾರಿಜಾ. ಬಸ್‌ಸ್ಟ್ಯಾಂಡಿನ ಹಿಂದಿರುವ ಮಿಕ್ಸಿ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ನನ್ನದು.

ನಮ್ಮೂರಿನಲ್ಲಿ ಹಾಡುಗಳಿಗೆ ದೃಷ್ಟಿಯಾಗುತ್ತದೆ. ಬೇರೆ ಊರುಗಳಲ್ಲಿ ಮಕ್ಕಳಿಗೆ, ಹಾಲು ಕೊಡುವ ಎಮ್ಮೆಗೆ, ಹೊಸ ಮನೆಗೆ ಆಗುವುದಿಲ್ಲವೇ, ಹಾಗೆ. ಯಾರಾದರೂ ಮನಸ್ಸು ತುಂಬಿ, ಬಾಯಿಬಿಟ್ಟು, ‘ಎಷ್ಟು ಚೆನ್ನಾಗಿದೆ ಈ ಹಾಡು’ ಅಂದರೆ ಮುಗಿಯಿತು, ಹಾಡು ಅಲ್ಲೇ ನಿಂತುಬಿಡುತ್ತದೆ. ಟೇಪು ತಿರುಗುತ್ತಿರುತ್ತದೆ, ದನಿ ಇರುವುದಿಲ್ಲ. ಆ ಮನೆಯಲ್ಲಷ್ಟೇ ಅಲ್ಲ, ಇಡೀ ಊರಿನಲ್ಲಿ. ನಾವೇ ಹಾಡಲು ಹೋದರೂ ತುಟಿ ಆಡುತ್ತದೆ, ಸ್ವರ ಹೊರಡುವುದಿಲ್ಲ. ಒಮ್ಮೆ ಹೋದದ್ದು ಹೋಯಿತು, ಮತ್ತೆ ಬರುವುದಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ನೋಡಿದ್ದಾರೆ, ಕ್ಯಾಸೆಟ್ಟಿಗೆ ಕರಿಬೊಟ್ಟು ಇಟ್ಟು ನೋಡಿದ್ದಾರೆ. ಬೀದಿಯೆಲ್ಲ ಘಾಟೆದ್ದು ಸೀನಿದ್ದೇ ಲಾಭ.

ಹಾಗಾಗಿ ನಾವು ಬೈಯುತ್ತೇವೆ. ತೊಟ್ಟಿಲು ತೂಗುವ ತಾಯಿ ಜೋಗುಳ ಮುಗಿಸಿ ‘ಏನ್ ಹಾಳು ಹಾಡೋ, ಮಲಕ್ಕೋ’ ಅನ್ನುತ್ತಾಳೆ. ಭಜನೆ ಮುಗಿದ ಮೇಲೆ ಅರ್ಚಕರು ದೇವರ ಕಡೆ ತಿರುಗಿ ‘ಸಹಿಸ್ಕೊಳ್ಳಪ್ಪಾ’ ಅಂತ ಕೈಮುಗಿಯುತ್ತಾರೆ. ಶಾಲೆಯ ಹಾಡಿನ ಸ್ಪರ್ಧೆಯಲ್ಲಿ ತೀರ್ಪುಗಾರರು ಯಾರನ್ನು ಹೆಚ್ಚು ಹೊತ್ತು ಬೈದರೋ ಆ ಹುಡುಗಿಗೆ ಮೊದಲ ಬಹುಮಾನ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡೂ ಇದೆ: ‘ಪ್ರಯಾಣಿಕರು ಹಾಡುಗಳ ಬಗ್ಗೆ ಒಳ್ಳೆಯ ಮಾತಾಡಬಾರದು.’ ಆದರೂ ಯಾರೋ ಬೀಗರ ಕಡೆಯವರು ಬಂದು, ಹೋಟೆಲಿನ ರೇಡಿಯೋ ಕೇಳಿ, ಇಡ್ಲಿ ಬಾಯಲ್ಲಿಟ್ಟುಕೊಂಡೇ ‘ವಾಹ್’ ಅಂದುಬಿಡುತ್ತಾರೆ. ಅವತ್ತು ಆ ಮದುವೆಮನೆಗೆ ಊರವರು ಊಟಕ್ಕೆ ಹೋಗುವುದಿಲ್ಲ.

ಒಂದು ವಿಷಯ ಮರೆತೆ. ಹೊಗಳಿಕೆ ಸುಳ್ಳಾದರೆ ಹಾಡಿಗೆ ಏನೂ ಆಗುವುದಿಲ್ಲ. ಒಂದು ವರ್ಷ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿಗಳು ಮೈಕು ಹಿಡಿದು ‘ಅದ್ಭುತ, ಅಮೋಘ’ ಅಂತ ಒಂದೇ ಸಮನೆ ಹೊಗಳಿದರು. ನಾವೆಲ್ಲ ಎದೆ ಹಿಡಿದುಕೊಂಡೆವು. ಹಾಡು ನಿಲ್ಲಲೇ ಇಲ್ಲ, ಆರಾಮಾಗಿ ಕೊನೆಯವರೆಗೆ ಹೋಯಿತು. ಹಾಡುತ್ತಿದ್ದ ಹೆಣ್ಣುಮಗಳು ಮನೆಗೆ ಹೋಗಿ ಮೂರು ದಿನ ಅತ್ತಳಂತೆ.

ಇನ್ನು ಆ ಕ್ಯಾಸೆಟ್ಟಿನ ವಿಷಯ. ಅದರ ಹೆಸರು ‘ಮೂರನೇ ಮಹಡಿ’. ಆಗ ನಮ್ಮೂರಿನಲ್ಲಿ ಎರಡನೇ ಮಹಡಿಯೇ ಇರಲಿಲ್ಲ, ಆ ಮಾತು ಬೇರೆ. ಜೀವರತ್ನ ಅಂತ ಒಬ್ಬ, ಜೊತೆಗೆ ಇನ್ನು ಮೂವರು ಸೇರಿ, ಗಿಟಾರು, ಡ್ರಮ್ಮು ಹಿಡಿದುಕೊಂಡು ಐಸ್ ಫ್ಯಾಕ್ಟರಿಯಲ್ಲಿ ಎಂಟು ಹಾಡು ರೆಕಾರ್ಡ್ ಮಾಡಿದರು. ಹೊರಗಿನ ಗಲಾಟೆ ಕೇಳಿಸದ ಜಾಗ ಊರಿಗೆಲ್ಲ ಅದೊಂದೇ. ಡ್ರಮ್ಮಿನವನು ಕೈಗೆ ಉಣ್ಣೆಯ ಗ್ಲೌಸು ಹಾಕಿ ಬಾರಿಸಿದ. ಹಾಡುವಾಗ ಜೀವರತ್ನನ ಹಲ್ಲು ಕಟಕಟ ಅನ್ನುವುದು ಎರಡನೇ ಹಾಡಿನಲ್ಲಿ ಕೇಳಿಸುತ್ತದೆ. ಇನ್ನೂರು ಕ್ಯಾಸೆಟ್ ಮಾಡಿಸಿದರು, ಮಾರಾಟವಾದದ್ದು ಕಡಿಮೆ. ಆಗಲಾದರೂ ಹೇಗೆ ಸಾಧ್ಯ? ಕೊಂಡವರು ಇನ್ನೊಬ್ಬರಿಗೆ ‘ಕೇಳು, ಚೆನ್ನಾಗಿದೆ’ ಅನ್ನುವ ಹಾಗಿಲ್ಲ. ಹೊರಗಿನ ಊರುಗಳಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ. ಮೂವರು ಜೊತೆಗಾರರು ಒಬ್ಬೊಬ್ಬರಾಗಿ ಊರು ಬಿಟ್ಟರು. ಜೀವರತ್ನ ಉಳಿದ. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಬರೆದುಕೊಳ್ಳುವ ಕೆಲಸಕ್ಕೆ ಸೇರಿದ. ಮತ್ತೆ ಹಾಡಲಿಲ್ಲ.

ನಾನು ಅಂಗಡಿ ತೆರೆದ ವರ್ಷವೇ ಆ ಕ್ಯಾಸೆಟ್ಟು ನನ್ನ ಕೈಗೆ ಬಂತು. ಹೆಂಗಸಿನ ಕೈಗೆ ಮಿಕ್ಸಿ ಕೊಟ್ಟರೆ ಚಟ್ನಿ ರುಬ್ಬಿಯಾಳು, ರಿಪೇರಿ ಏನು ಮಾಡಿಯಾಳು ಅಂತ ಒಬ್ಬರೂ ಹತ್ತಿರ ಸುಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನೊಣ ಹೊಡೆಯುವುದು, ಈ ಎಂಟು ಹಾಡು ಕೇಳುವುದು. ಮೂರನೆಯ ಹಾಡು ‘ಲಿಫ್ಟು ಕೆಟ್ಟಿದೆ’ ಅಂತ. ಒಬ್ಬ ಮನುಷ್ಯ ಮೂರನೇ ಮಹಡಿಯಲ್ಲಿರುವವಳಿಗೆ ಏನೋ ಹೇಳಬೇಕು ಅಂತ ಮೆಟ್ಟಿಲು ಹತ್ತುತ್ತಾನೆ, ಮೇಲೆ ಹೋಗುವಷ್ಟರಲ್ಲಿ ಏನು ಹೇಳಬೇಕಿತ್ತು ಅಂತ ಮರೆತುಹೋಗಿರುತ್ತದೆ. ಇಷ್ಟೇ ಹಾಡು. ಅದನ್ನು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದೆನೋ ಲೆಕ್ಕವಿಲ್ಲ.

ಆಮೇಲೆ ಟೈಪಿಂಗ್ ಶಾಲೆಯ ಖಾದರ್ ಮಾಸ್ತರು ಒಂದು ದಿನ ಟೇಪ್‌ರೆಕಾರ್ಡರ್ ರಿಪೇರಿಗೆ ತಂದರು. ಒಳಗೆ ಸಿಕ್ಕಿಕೊಂಡಿದ್ದ ಕ್ಯಾಸೆಟ್ಟು ಅದೇ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಏನ್ ದರಿದ್ರ ಕ್ಯಾಸೆಟ್ರೀ ಇದು,’ ಅಂದೆ ನಾನು ಹುಷಾರಾಗಿ. ‘ದರಿದ್ರಾನೇ? ಇದಕ್ಕಿಂತ ಕೆಟ್ಟದ್ದನ್ನ ನಾನು ಜನ್ಮದಲ್ಲೇ ಕೇಳಿಲ್ಲ ತಾಯಿ,’ ಅಂದರು ಅವರು, ಕಣ್ಣು ಒದ್ದೆ ಮಾಡಿಕೊಂಡು. ಹೀಗೆ ಶುರುವಾಯಿತು ‘ಮೂರನೇ ಮಹಡಿ ವಿರೋಧಿ ಸಂಘ’. ಹನ್ನೊಂದು ಜನ. ಭಾನುವಾರ ಟೈಪಿಂಗ್ ಶಾಲೆಯ ಹಿಂದಿನ ಕೋಣೆಯಲ್ಲಿ ಕೂಡುವುದು, ಕ್ಯಾಸೆಟ್ಟು ಮೊದಲಿಂದ ಕೊನೆಯವರೆಗೆ ಕೇಳುವುದು, ಒಂದೊಂದು ಹಾಡಾದ ಮೇಲೂ ಬೈಯುವುದು. ನಿವೃತ್ತ ಹೆಡ್‌ಮಿಸ್ ಅಂಬುಜವಲ್ಲಿ ಬೈಯುವುದರಲ್ಲಿ ಎತ್ತಿದ ಕೈ. ಆರನೇ ಹಾಡಿನ ಗಿಟಾರಿನ ಬಗ್ಗೆ ಅವರು ಒಮ್ಮೆ ನಲವತ್ತು ನಿಮಿಷ ಬೈದರು, ಒಂದು ಮಾತೂ ಎರಡನೇ ಸಲ ಬರಲಿಲ್ಲ.

ಆದರೆ ನಿಜ ಹೇಳಬೇಕೋ ಬೇಡವೋ, ಬರುಬರುತ್ತಾ ನನಗೆ ಗೊಂದಲ ಹತ್ತಿಕೊಂಡಿತು. ಈ ಹನ್ನೊಂದು ಜನರಲ್ಲಿ ಯಾರಿಗೆ ನಿಜಕ್ಕೂ ಇಷ್ಟ, ಯಾರು ನಿಜಕ್ಕೂ ಬೈಯುತ್ತಿದ್ದಾರೆ? ಅಂಬುಜವಲ್ಲಿ ಮೇಡಂ ಮನೆಯಲ್ಲಿ ಎಲ್ಲರನ್ನೂ ಹಾಗೇ ಬೈಯುತ್ತಾರೆ, ಸೊಸೆಯನ್ನೂ, ಸೊಪ್ಪಿನವಳನ್ನೂ. ಅದೂ ಪ್ರೀತಿಯೇ? ಇನ್ನು ನಾನು? ಡ್ರಮ್ಮು ತಗಡಿನ ಹಾಗಿದೆ ಅಂತ ಇಪ್ಪತ್ತೆರಡು ವರ್ಷ ಹೇಳುತ್ತಾ ಬಂದಿದ್ದೇನಲ್ಲ, ಒಂದು ದಿನ ಕೇಳುವಾಗ ಅಯ್ಯೋ, ಹೌದಲ್ಲ, ತಗಡಿನ ಹಾಗೇ ಇದೆ ಅನ್ನಿಸಿಬಿಟ್ಟಿತು. ಅವತ್ತು ಊಟ ಸೇರಲಿಲ್ಲ. ಯಾರನ್ನು ಕೇಳುವುದು? ಕೇಳಿದರೆ ಉತ್ತರ ಹೇಳುವ ಹಾಗಿಲ್ಲ, ಉತ್ತರ ಹೇಳಿದರೆ ಹಾಡು ಇರುವ ಹಾಗಿಲ್ಲ.

ಹೀಗಿರುವಾಗ ಕಳೆದ ಗುರುವಾರ ಮಧ್ಯಾಹ್ನ ಜೀವರತ್ನ ನನ್ನ ಅಂಗಡಿಗೆ ಬಂದ. ಮೀಟರ್ ನೋಡಲು ತಿಂಗಳಿಗೊಮ್ಮೆ ಬರುವವನೇ, ಸ್ಟೂಲು ಹತ್ತಿ ಬರೆದುಕೊಂಡು ಹೋಗುವವನು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಹಾಡಿನ ಮಾತೆತ್ತಿರಲಿಲ್ಲ. ಎಷ್ಟೋ ಸಲ ಅವನು ಸ್ಟೂಲಿನ ಮೇಲೆ ನಿಂತಿರುವಾಗಲೇ ಅವನ ಕ್ಯಾಸೆಟ್ಟು ನನ್ನ ಟೇಪಿನಲ್ಲಿ ಓಡುತ್ತಿತ್ತು, ಅವನು ಕೇಳಿಸದವನಂತೆ ಇಳಿದುಹೋಗುತ್ತಿದ್ದ. ಅವತ್ತು ಮೀಟರಿನ ಕಡೆ ನೋಡಲೇ ಇಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟ. ಅರವತ್ತರ ಹತ್ತಿರದ ಮನುಷ್ಯ, ಕೈಯಲ್ಲೊಂದು ಕಾಗದ.

‘ಗಿಟಾರ್ ಬಾರಿಸ್ತಿದ್ನಲ್ಲ ನಮ್ ಕರುಣಾಕರ, ಅವನು ಬರೆದಿದಾನೆ,’ ಅಂದ. ‘ಅವನಿರೋ ಊರಲ್ಲಿ ಒಂದು ಕೋಣೆ ಮಾಡ್ಕೊಂಡಿದಾನಂತೆ, ರೆಕಾರ್ಡಿಂಗ್‌ಗೆ. ಬಾ, ಇನ್ನೊಂದು ಮಾಡೋಣ, ಸೋಮವಾರದೊಳಗೆ ಬರದಿದ್ರೆ ಬೇರೆಯವರಿಗೆ ಕೊಡ್ತೀನಿ ಅಂತಾನೆ. ನನ್ ಹತ್ರ ಹನ್ನೊಂದು ಹಾಡಿದಾವೆ ವಾರಿಜಮ್ಮ. ಮೀಟರ್ ಪುಸ್ತಕದ ಹಿಂದೆ ಬರ್ಕೊಂಡಿರೋದು. ಆದ್ರೆ ಹೋಗ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ.’

‘ಹೋಗೋಕೇನು ದಾಡಿ?’ ಅಂದೆ.

‘ನಾನು ಹಾಡೋನೋ, ಮೀಟರ್ ನೋಡೋನೋ, ಅದೇ ಗೊತ್ತಿಲ್ವಲ್ಲ. ಇಪ್ಪತ್ತಾರು ವರ್ಷ ಈ ಊರಿನ ಪ್ರತಿ ಮನೆಗೂ ಹೋಗಿದೀನಿ. ಎಷ್ಟೋ ಮನೇಲಿ ನನ್ ಹಾಡನ್ನ ಬೈಯೋದು ಕಿವಿಯಾರೆ ಕೇಳಿದೀನಿ. ನಾನೂ ಈ ಊರಲ್ಲೇ ಹುಟ್ಟಿದವನು, ಬೈಗುಳ ಅಂದ್ರೆ ಏನು ಅಂತ ಗೊತ್ತು. ಮೊದಮೊದಲು ಖುಷಿಯಾಗ್ತಿತ್ತು. ಆಮೇಲೆ ಅನುಮಾನ ಬಂತು. ನಿಜಕ್ಕೂ ಕೆಟ್ಟದಾಗಿದ್ರೂ ಜನ ಬೈತಾರಲ್ವಾ? ಅದೂ ಇದೇ ತರಾನೇ ಇರುತ್ತಲ್ವಾ?’ ಅವನು ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ‘ಕೆಟ್ಟದಾಗಿದ್ರೆ ಹೇಳ್ಬಿಡಿ. ಆ ಪುಸ್ತಕಗಳನ್ನ ಬಚ್ಚಲೊಲೆಗೆ ಹಾಕ್ತೀನಿ, ಇವತ್ತೇ. ಬೇಜಾರಿಲ್ಲ. ಗೊತ್ತಿಲ್ದೆ ಸಾಯೋಕಾಗಲ್ಲ ಅಷ್ಟೇ.’

ಚೆನ್ನಾಗಿದೆ ಅಂದರೆ ಹಾಡು ಹೋಗುತ್ತದೆ. ಅನ್ನದಿದ್ದರೆ ಇವನ ಪುಸ್ತಕಗಳು ಒಲೆಗೆ ಹೋಗುತ್ತವೆ. ಕೊನೆಗೆ ಅವನೇ ಅಂದ, ‘ಎಂಟರಲ್ಲಿ ಒಂದು. ಒಂದೇ ಒಂದು ಹೊಗಳಿ. ನಿಂತ್ರೆ ನಿಜ ಅಂತ ಗೊತ್ತಾಗುತ್ತೆ. ಯಾವುದು ಅಂತ ನೀವೇ ಆರಿಸಿ.’ ಒಂದು ಹಾಡು ಕೊಡಬೇಕಾದರೆ ಬೇಡವಾದದ್ದನ್ನು ಕೊಡೋಣ, ಏಳನೆಯದನ್ನು ಕೊಟ್ಟರೆ ಯಾರಿಗೂ ಅಂಥ ನಷ್ಟವಿಲ್ಲ ಅಂತ ಮೊದಲು ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆದರೆ ಬೇಡವಾದದ್ದನ್ನು ಹೊಗಳಿದರೆ ಅದು ನಿಲ್ಲುವುದೇ ಇಲ್ಲವಲ್ಲ! ನಿಲ್ಲಬೇಕಾದರೆ ನನ್ನ ಪ್ರಾಣದಂಥದ್ದನ್ನೇ ಕೊಡಬೇಕು. ಮೂರನೆಯದನ್ನು ಹಾಕಿದೆ. ಡ್ರಮ್ಮಿನ ನಾಲ್ಕು ಏಟು ಬಿದ್ದವು, ‘ಲಿಫ್ಟು ಕೆಟ್ಟಿದೆ’ ಶುರುವಾಯಿತು. ಇದೇ ಕೊನೆಯ ಸಲ ಅಂದುಕೊಂಡು ಕಣ್ಣು ಮುಚ್ಚಿ, ಸ್ಪಷ್ಟವಾಗಿ ಹೇಳಿದೆ: ‘ಈ ಹಾಡು ತುಂಬಾ ಚೆನ್ನಾಗಿದೆ.’

ಹಾಡು ನಿಲ್ಲಲಿಲ್ಲ. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ‘ಬಹಳ ಬಹಳ ಚೆನ್ನಾಗಿದೆ,’ ಅಂದೆ ಇನ್ನೂ ಗಟ್ಟಿಯಾಗಿ. ಟೇಪಿನೊಳಗಿನ ಆ ಮನುಷ್ಯ ಮೊದಲನೇ ಮಹಡಿ ದಾಟಿ ಮೇಲೆ ಹೋಗುತ್ತಲೇ ಇದ್ದ. ಅಯ್ಯೋ ದೇವರೇ, ಅಂದರೆ ಏನರ್ಥ? ಇಷ್ಟು ವರ್ಷ ನಾನು ಇದನ್ನು ಇಷ್ಟಪಡಲೇ ಇಲ್ಲವೇ? ಬೈದದ್ದೆಲ್ಲ ನಿಜದ ಬೈಗುಳವೇ? ಇಲ್ಲ, ಮೊದಲು ಇಷ್ಟವಿದ್ದು ಯಾವುದೋ ಒಂದು ಭಾನುವಾರ ನನಗೆ ಗೊತ್ತಾಗದ ಹಾಗೆ ಕರಗಿಹೋಯಿತೇ? ಜೀವರತ್ನನ ಮುಖ ನೋಡಿದೆ. ಮನುಷ್ಯ ನಗುತ್ತಿದ್ದ, ಮರ್ಯಾದೆಗೆ ನಗುತ್ತಾರಲ್ಲ ಹಾಗೆ.

‘ಇರ್ಲಿ ಬಿಡಿ. ಪ್ರಯತ್ನ ಮಾಡಿದ್ರಲ್ಲ, ಅದೇ ದೊಡ್ಡದು,’ ಅಂತ ಎದ್ದ. ಚಪ್ಪಲಿ ಹುಡುಕಿದ.

ನನಗೆ ಎಲ್ಲಿತ್ತೋ ಸಿಟ್ಟು. ‘ಕೂತ್ಕೊಳ್ಳಯ್ಯಾ ಸುಮ್ನೆ!’ ಅಂದೆ. ಬಹುವಚನ ಎಲ್ಲಿ ಹೋಯಿತೋ ಗೊತ್ತಿಲ್ಲ. ‘ಈಗ ಬರುತ್ತೆ ನೋಡು ಎರಡನೇ ಚರಣ, ಅಲ್ಲಿ ನಿಂಗೆ ಉಸಿರು ಸಾಲಲ್ಲ. ಸಾಲಲ್ಲ ತಾನೇ? ನಿಲ್ಲಿಸಿ ಇನ್ನೊಂದ್ಸಲ ಹಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಿಲ್ಲಿಸ್ಲಿಲ್ಲ ನೀನು. ಉಸಿರಿಲ್ದೇನೇ ಮೆಟ್ಲು ಹತ್ತಿದೀಯ. ಹಿಂಗೆ ಮಾನ ಬಿಟ್ಟು ಹಾಡ್ತಾರೇನಯ್ಯಾ ನಾಲ್ಕು ಜನ ಕೇಳೋ ಹಾಡನ್ನ? ಬೆಳಗಿಂದ ಒಬ್ಬ ಗಿರಾಕಿ ಬರ್ದೆ ಕೂತಿರೋ ಹೆಂಗಸಿನ ಕಿವಿಗೆ ಅದು ಬಿದ್ರೆ ಅವಳು ಏನ್ ಮಾಡ್ಬೇಕು? ಅವತ್ತು ಅಂಗಡಿ ಮುಚ್ಚಿ ಬೀಗದಕೈ ವಾಪಸ್ ಕೊಡೋಕೆ ಹೊರಟಿದ್ದೆ ಕಣೋ. ಈ ಪಾಪಿ ಉಸಿರಿಲ್ದೇನೇ ಹತ್ತುತಾ ಇದಾನಲ್ಲ, ಮೇಲೆ ಹೋದ್ಮೇಲಾದ್ರೂ ಏನಾಗುತ್ತೆ ಅಂತ ಕೂತೆ. ನಾಳೆ ಒಂದಿನ ನೋಡೋಣ ಅಂತ ಕೂತೆ. ಇಪ್ಪತ್ತೆರಡು ವರ್ಷ ಕೂತೇ ಇದೀನಿ, ಹಾಳಾದೋನೇ, ನಿನ್ನಿಂದ!’

ಮಾತು ಮುಗಿದಾಗ ಅಂಗಡಿಯಲ್ಲಿ ಟೇಪಿನ ಮೋಟಾರು ಗುಂಯ್ ಅನ್ನುವುದು ಮಾತ್ರ ಕೇಳಿಸುತ್ತಿತ್ತು. ಚಕ್ರ ಎರಡೂ ತಿರುಗುತ್ತಿದ್ದವು. ದನಿ ಇರಲಿಲ್ಲ. ನಾನು ದನಿ ಜಾಸ್ತಿ ಮಾಡಿದೆ, ಹೆಡ್ಡು ಒರೆಸಿ ಹಾಕಿದೆ, ಬೇರೆ ಟೇಪ್‌ರೆಕಾರ್ಡರಿಗೆ ಹಾಕಿ ನೋಡಿದೆ. ರಿಪೇರಿಯವಳ ಬುದ್ಧಿ, ಏನು ಮಾಡುವುದು. ಹಾಡು ಹೋಗಿತ್ತು. ಹೊಗಳಿದಾಗ ಹೋಗದ್ದು ಬೈದಾಗ ಹೋಯಿತು. ಹಾಗಾದರೆ ಅಷ್ಟು ವರ್ಷ ಬೈದಾಗ ಯಾಕೆ ಹೋಗಲಿಲ್ಲ? ಕೇಳಬೇಡಿ, ನನಗೆ ಇನ್ನೂ ತಿಳಿದಿಲ್ಲ. ಜೀವರತ್ನ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ನಾನು ಗೋಡೆಯ ಕಡೆ ತಿರುಗಿ ಅತ್ತೆ, ನನ್ನ ಹಾಡು ಹೋಯಿತಲ್ಲ ಅಂತ.

‘ಕ್ಷಮಿಸಿ. ಒಂದು ಹಾಡು ಕೊಂದೆ ನಾನು,’ ಅಂದ. ಆಮೇಲೆ ಬಾಗಿಲಲ್ಲಿ ನಿಂತು, ‘ಆದ್ರೆ ವಾರಿಜಮ್ಮ, ನೀವು ಒಬ್ರು. ನಿಮಗೆ ಅವತ್ತು ಕಷ್ಟ ಇತ್ತು, ಅದಕ್ಕೆ ಹಿಡಿಸ್ತು. ಕಷ್ಟದಲ್ಲಿದ್ದಾಗ ಬಾವಿ ರಾಟೆ ಸದ್ದೂ ಹಿಡಿಸುತ್ತೆ. ಮಿಕ್ಕವರು?’ ಅಂದ. ನೋಡಿ, ಮನುಷ್ಯನ ಆಸೆ! ನನ್ನ ಪ್ರಾಣ ತೆಗೆದುಕೊಟ್ಟರೂ ಸಾಲದು. ಸಿಟ್ಟು ಬಂತು, ಆದರೆ ಅವನು ಹೇಳುವುದರಲ್ಲೂ ಅರ್ಥವಿತ್ತು. ಇನ್ನೊಬ್ಬರಿಂದ ಹೊಗಳಿಸಬೇಡಿ ಅಂತಲೂ ಅವನೇ ಅಂದ, ಇನ್ನೊಂದು ಹಾಡು ಸಾಯುವುದು ಬೇಡ. ನಾನು ‘ಭಾನುವಾರ ಹತ್ತಕ್ಕೆ ಟೈಪಿಂಗ್ ಶಾಲೆಗೆ ಬನ್ನಿ’ ಅಂದೆ. ಕರೆದು ಏನು ಮಾಡುವುದು ಅಂತ ನನಗೇ ಗೊತ್ತಿರಲಿಲ್ಲ.

ಭಾನುವಾರ ಅವನು ಬಂದ. ಸಂಘದವರು ಕಕ್ಕಾಬಿಕ್ಕಿಯಾದರು. ಬೈಯುವವರ ನಡುವೆ ಬೈಸಿಕೊಳ್ಳುವವನೇ ಬಂದು ಕೂತರೆ? ಬೆಂಚಿನ ತುದಿಯಲ್ಲಿ ಅವನಿಗೆ ಜಾಗ ಕೊಟ್ಟರು. ಯಾರಿಗೂ ನಾನು ಏನೂ ಹೇಳಿರಲಿಲ್ಲ, ಹೇಳಲು ಧೈರ್ಯವಿರಲಿಲ್ಲ. ಖಾದರ್ ಮಾಸ್ತರು ಕ್ಯಾಸೆಟ್ಟು ಹಾಕಿದರು. ಮೊದಲನೇ ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು. ಜೀವರತ್ನ ಎದುರಿಗಿದ್ದದ್ದರಿಂದ ಯಾರೂ ಬಾಯಿ ತೆರೆಯಲಿಲ್ಲ, ಬೈಯಲಿಲ್ಲ. ಅವನು ತಲೆ ತಗ್ಗಿಸಿಕೊಂಡ. ಬೈಗುಳವೂ ಇಲ್ಲದ ಮೌನವನ್ನು ಅವನು ಏನೆಂದುಕೊಂಡ ಅನ್ನುವುದು ನನಗೆ ಗೊತ್ತು.

ಆಮೇಲೆ ಮೂರನೆಯದು ಬರಬೇಕಾದ ಜಾಗ ಬಂತು. ಡ್ರಮ್ಮಿನ ನಾಲ್ಕು ಏಟು ಬೀಳಲಿಲ್ಲ. ಖಾದರ್ ಮಾಸ್ತರು ಟೇಪಿನ ಕಡೆ ಕೈ ಚಾಚಿ ಅರ್ಧಕ್ಕೇ ನಿಲ್ಲಿಸಿದರು. ಎಲ್ಲರಿಗೂ ಅರ್ಥವಾಯಿತು. ಅಂಬುಜವಲ್ಲಿ ಮೇಡಂ ನನ್ನನ್ನು ನೋಡಿದರು, ಜೀವರತ್ನನನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಕೊಂದುಬಿಡುತ್ತಾರೆ ಅಂದುಕೊಂಡೆ. ಅವರು ತಮ್ಮ ಬಲಗಾಲಿನ ಹೆಬ್ಬೆರಳಿನಿಂದ ಆ ಹಾಡಿನ ತಾಳವನ್ನು ನೆಲದ ಮೇಲೆ ತಟ್ಟತೊಡಗಿದರು. ಖಾದರ್ ಮಾಸ್ತರು ಟೈಪ್‌ರೈಟರಿನ ಮುಚ್ಚಳದ ಮೇಲೆ ಬೆರಳಾಡಿಸತೊಡಗಿದರು. ಮಿಕ್ಕವರು ತೊಡೆಯ ಮೇಲೆ. ನಾನೂ. ಯಾರೂ ಯಾರನ್ನೂ ನೋಡಲಿಲ್ಲ. ಎರಡನೇ ಚರಣ ಬರುವ ಹೊತ್ತಿಗೆ ಹನ್ನೊಂದು ಜನವೂ ಒಟ್ಟಿಗೇ ಉಸಿರು ಹಿಡಿದುಕೊಂಡೆವು, ಅವನಿಗೆ ಸಾಲದ ಕಡೆ. ಆ ಸಾಲು ಮುಗಿಯುವಷ್ಟು ಹೊತ್ತು ಹಿಡಿದೇ ಇದ್ದು, ಒಟ್ಟಿಗೇ ಬಿಟ್ಟೆವು. ಜೀವರತ್ನ ತಲೆಯೆತ್ತಿ ಬಾಯಿ ತೆರೆದುಕೊಂಡು ನಮ್ಮನ್ನು ನೋಡುತ್ತಿದ್ದ. ಮನುಷ್ಯ ಮೂರನೇ ಮಹಡಿ ಮುಟ್ಟಿದ, ಹೇಳಬೇಕಾದದ್ದನ್ನು ಮರೆತ. ಹನ್ನೊಂದು ಕೈಕಾಲು ಕೊನೆಯ ಏಟನ್ನು ಒಂದೇ ಕ್ಷಣಕ್ಕೆ ಹಾಕಿ ನಿಂತವು. ಎರಡು ಎಣಿಸುವಷ್ಟರಲ್ಲಿ ನಾಲ್ಕನೇ ಹಾಡಿನ ಗಿಟಾರು ಶುರುವಾಯಿತು.

ಆ ಹಾಡು ಮುಗಿದ ಮೇಲೆ ಅಂಬುಜವಲ್ಲಿ ಮೇಡಂ ಸೆರಗಿನಿಂದ ಮೂಗು ಒರೆಸಿಕೊಂಡು, ‘ಥೂ, ಇದೂ ಒಂದು ಹಾಡೇ? ಕಿವಿಗೆ ಸೀಸ ಹೊಯ್ದಂಗಿದೆ. ಇಂಥದ್ದನ್ನ ಮಾಡೋಕೆ ಆ ಐಸ್ ಫ್ಯಾಕ್ಟರೀಲಿ ನಡುಗೋ ಕರ್ಮ ಏನಿತ್ತು?’ ಅಂತ ಶುರು ಮಾಡಿದರು. ಅವರ ದನಿ ನಡುಗುತ್ತಿತ್ತು. ‘ಮೇಡಂ, ಮೆಲ್ಲಗೆ ಮೆಲ್ಲಗೆ, ಇದೂ ಹೋದೀತು,’ ಅಂತ ಖಾದರ್ ಮಾಸ್ತರು ಗಾಬರಿಯಿಂದ ಕೈ ಅಡ್ಡ ಹಿಡಿದರು.

ಜೀವರತ್ನ ಎದ್ದು ಬಂದು ಮೇಡಂ ಎದುರಿನ ಬೆಂಚಿನಲ್ಲಿ, ಪಾಠ ಕೇಳುವವನಂತೆ, ಕೈಕಟ್ಟಿ ಕೂತ. ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

‘ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋಗ್ತಿದೀನಿ ಮೇಡಂ,’ ಅಂದ. ‘ಅಲ್ಲೀವರೆಗೂ ಸಾಕಾಗೋ ಅಷ್ಟು ಬೈಯ್ರಿ.’